ಕೂಗಿ ಹೇಳುವ ಮಾತಲ್ಲ

ಹೆಗ್ಗನಹಳ್ಳಿಯ ಕೆಂಪಯ್ಯನವರ ಮನೆಯ ಅಟ್ಟವನ್ನು ಒಮ್ಮೆ ಹತ್ತಿ ನೋಡಿದರೆ ಸಾಕು, ಆ ಮನೆಯವರ ಗುಣವನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಅಲ್ಲೊಂದು ರೊಟ್ಟಿ ಮಾಡುವ ಮಿಷನ್ನಿದೆ. ಅದರಲ್ಲಿ ಬೆಂದ ರೊಟ್ಟಿ ತಿಂದವರು ಇನ್ನೊಂದು ಹಾಕಿ ಅಂತ ಕೇಳಲಿಲ್ಲ. ಕಾಲು ಒತ್ತುವ ಮಿಷನ್ನಿದೆ. ಅದರ ಮೇಲೆ ಕಾಲಿಟ್ಟರೆ ಹಲ್ಲು ಅಲುಗುತ್ತಿತ್ತು. ಜ್ಯೂಸು ತೆಗೆಯುವುದು, ಮುಖಕ್ಕೆ ಹಬೆ ಕೊಡುವುದು, ಇನ್ನೊಂದು ಏನಕ್ಕೆ ಅಂತ ತಂದವನಿಗೂ ಈಗ ನೆನಪಿಲ್ಲ. ಟ್ರೆಡ್‌ಮಿಲ್ಲು ಮಾತ್ರ ಅಟ್ಟ ಹತ್ತಲಾರದೆ ಮೆಟ್ಟಿಲ ಕೆಳಗೆ ನಿಂತು, ಮನೆಯವರ ಒದ್ದೆ ಟವಲುಗಳನ್ನು ಹೊತ್ತುಕೊಂಡು ಸಂಸಾರಕ್ಕೆ ತನ್ನಿಂದಾದ ಸೇವೆ ಮಾಡುತ್ತಿದೆ. ಇದನ್ನೆಲ್ಲ ತಂದವನು ಮಗ ಗೌತಮ್. ಸುಂಕದಕಟ್ಟೆಯಲ್ಲಿ ಪೇಂಟ್ ಅಂಗಡಿ ಇಟ್ಟಿದ್ದಾನೆ, ಒಳ್ಳೆಯ ಹುಡುಗ, ದುಡಿಮೆಗಾರ. ಎಕ್ಸಿಬಿಷನ್ ಎಂದರೆ ಮಾತ್ರ ಅವನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುವುದು ಅವನ ತಾಯಿ ಯಶೋದಮ್ಮನವರ ಬಾಯಲ್ಲಿ ಸದಾ ಇರುವ ಗಾದೆ. ಮನೆಗೆ ಹೊಸ ಪೆಟ್ಟಿಗೆ ಬಂದಾಗಲೆಲ್ಲ ಅವರು ಆ ಗಾದೆ ಹೇಳಿ, ಅಟ್ಟದಲ್ಲಿ ಅದಕ್ಕೊಂದು ಜಾಗ ಮಾಡಿಸಿಬಿಡುತ್ತಿದ್ದರು. ಹೀಗಿರುವಾಗ ಅವರದೇ ಕಿವಿಗೊಂದು ಮಿಷನ್ನು ಬಂದರೆ ಮನೆಯವರೆಲ್ಲ ಅವರ ಮುಖ ನೋಡದೆ ಇರುತ್ತಾರೆಯೇ?

ಕಿವಿ ಹೋಗುವುದು ಹಲ್ಲು ಹೋದ ಹಾಗಲ್ಲ. ಹಲ್ಲು ಹೋದ ದಿನ ಗೊತ್ತಾಗುತ್ತದೆ. ಕಿವಿ ಕೆರೆಯ ನೀರಿನ ಹಾಗೆ, ದಿನಾ ನೋಡುವವರ ಕಣ್ಣಿಗೆ ತಗ್ಗಿದ್ದು ಕಾಣುವುದಿಲ್ಲ. ಯಶೋದಮ್ಮನವರಿಗೆ ಮೊದಲು ಹೋದದ್ದು ಸೊಳ್ಳೆಯ ಸದ್ದು. ಅದಕ್ಕಾಗಿ ಯಾರೂ ಅಳಲಿಲ್ಲ. ಆಮೇಲೆ ಹಾಲು ಉಕ್ಕುವ ಸದ್ದು ಹೋಯಿತು, ಬಾಗಿಲ ಚಿಲಕದ ಸದ್ದು ಹೋಯಿತು, ಕೊನೆಗೆ ಮಾತು ಹೋಯಿತು. ಮಾತು ಪೂರ್ತಿ ಹೋಗಲಿಲ್ಲ, ಅದರ ತಿರುಳು ಹೋಗಿ ಸಿಪ್ಪೆ ಉಳಿಯಿತು. ಯಾರೋ ಏನೋ ಅಂದರು ಅನ್ನುವುದು ತಿಳಿಯುತ್ತಿತ್ತು, ಏನಂದರು ಅನ್ನುವುದು ತಿಳಿಯುತ್ತಿರಲಿಲ್ಲ. ಆಗ ಮನೆಯವರು ಕೂಗಲು ಕಲಿತರು. ಊಟಕ್ಕೆ ಬನ್ನಿ, ನೀರು ಬಂತು, ಮಾತ್ರೆ ತಗೊಂಡ್ರಾ. ಓಣಿಯ ಕೊನೆಯ ಲೇತ್ ವರ್ಕ್‌ಶಾಪಿನ ಹುಡುಗರಿಗೂ ಯಶೋದಮ್ಮನವರ ಮಾತ್ರೆಯ ಹೊತ್ತು ಗೊತ್ತಾಗುವ ಹಾಗಾಯಿತು.

ಮನೆಯಲ್ಲಿ ಕೂಗಲಾರದವರು ಒಬ್ಬರೇ, ಯಜಮಾನರು ಕೆಂಪಯ್ಯ. ಅವರು ಹುಟ್ಟಿನಿಂದಲೇ ಸಣ್ಣ ದನಿಯವರು. ಮದುವೆಯಲ್ಲಿ ಹೆಂಡತಿಯ ಹೆಸರು ಹೇಳುವ ಶಾಸ್ತ್ರದ ಹೊತ್ತಿಗೆ ಅವರು ಹೇಳಿದ್ದು ಪಕ್ಕದಲ್ಲಿ ಕೂತ ಯಶೋದಮ್ಮನಿಗೆ ಬಿಟ್ಟರೆ ಇನ್ನೊಬ್ಬರಿಗೆ ಕೇಳಲಿಲ್ಲವಂತೆ. ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಮತ್ತೆ ಮತ್ತೆ ಹೇಳಿಸಿ, ಸೋತು, ದಾರಿ ಬಿಟ್ಟರಂತೆ. ರಾಗಿ ಹೊಲವಿದ್ದ ಕಡೆ ಸೈಟುಗಳಾಗಿ, ಸೈಟಿನಲ್ಲಿ ಬಾಡಿಗೆ ಮನೆಗಳಾಗಿ, ಹಳ್ಳಿಯೇ ಪಟ್ಟಣದೊಳಗೆ ಕಳೆದುಹೋದರೂ ಅವರು ಮನೆಯ ಹಿಂದೆ ಒಂದು ಕೊಟ್ಟಿಗೆ ಉಳಿಸಿಕೊಂಡಿದ್ದರು. ಅದರಲ್ಲೊಂದು ಹಸು, ಕಪಿಲೆ. ಬೆಳಗಾಗುವ ಮುಂಚೆ ಎದ್ದು ಹಾಲು ಕರೆಯುವುದು ಅವರ ಕೆಲಸ. ಕಾಫಿ ಕಾಯಿಸಿ ಎರಡು ಲೋಟ ಹಿಡಿದು ಕೊಟ್ಟಿಗೆಗೆ ಹೋಗಿ, ಅಲ್ಲಿರುವ ಒರಳುಕಲ್ಲಿನ ಮೇಲೆ ಕೂರುವುದು ಯಶೋದಮ್ಮನವರ ಕೆಲಸ. ಒಂದು ಕಾಲದಲ್ಲಿ ಅಲ್ಲಿ ಇಬ್ಬರೂ ಮಾತಾಡುತ್ತಿದ್ದರು. ಕಿವಿ ಹೋದ ಮೇಲೆ ಕಾಫಿ ಮಾತ್ರ ಉಳಿಯಿತು.

ಮಿಷನ್ನು ಹಾಕಿಸಲೇಬೇಕು ಅಂತ ಹಟ ಹಿಡಿದವಳು ಸೊಸೆ ರಮ್ಯ. ಹತ್ತಿರದ ಸ್ಕೂಲಿನಲ್ಲಿ ಮಕ್ಕಳಿಗೆ ಕೂಗಿ ಬಂದು ಮನೆಯಲ್ಲೂ ಕೂಗಿ ಅವಳ ಗಂಟಲು ಒಡೆದಿತ್ತು. ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ವಿಜಯನಗರದ ಒಂದು ಕಿವಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿದ್ದ ಚೈತ್ರ ಎಂಬ ಹುಡುಗಿ ಯಶೋದಮ್ಮನವರನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂತ ಕೈಗೆ ಒಂದು ಗುಂಡಿ ಕೊಟ್ಟಳು. ಯಶೋದಮ್ಮ ಗಾಜಿನಾಚೆ ಅವಳ ಮುಖ ನೋಡುತ್ತ ಕೂತರು. ಹುಡುಗಿ ಹುಬ್ಬೆತ್ತಿದಳು, ಪಾಪ, ಕಾಯುತ್ತಿದ್ದಾಳೆ ಅಂತ ಒತ್ತಿದರು. ಮತ್ತೆ ಹುಬ್ಬೆತ್ತಿದಳು, ಮತ್ತೆ ಒತ್ತಿದರು. ಪರೀಕ್ಷೆಯ ಪ್ರಕಾರ ಯಶೋದಮ್ಮನವರ ಕಿವಿ ಹದಿನೆಂಟರ ಹುಡುಗಿಯ ಕಿವಿಯಾಗಿತ್ತು. ಮರ್ಮ ತಿಳಿದ ಚೈತ್ರ ಒಳಗೆ ಬಂದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು. ಆಗ ನಿಜ ಹೊರಬಿತ್ತು.

ಮಿಷನ್ನು ಕಡಲೆಬೀಜದಷ್ಟು ದೊಡ್ಡದು, ಕಿವಿಯ ಹಿಂದೆ ಕೂರುವಂಥದ್ದು. ಚೈತ್ರ ಅದನ್ನು ಹಾಕಿ, ತಲೆ ಸವರಿದ ಹಾಗೆ ಕೂದಲು ಸರಿಮಾಡಿ, “ಅಮ್ಮ, ತಗೊಳ್ಳೋರು ಬಹಳ ಜನ. ಹಾಕ್ಕೊಂಡೇ ಇರೋರು ಕಮ್ಮಿ. ನೀವು ಯಾವ ಕಡೆ?” ಅಂದಳು.

“ನೋಡಾಣ,” ಅಂದರು ಯಶೋದಮ್ಮ. ಅವರಿಗೆ ಅಟ್ಟ ನೆನಪಾಗಿತ್ತು.

ಮೊದಲ ಮೂರು ದಿನ ಮನೆಯಲ್ಲಿ ಹಬ್ಬ. ತಮ್ಮ ಬಳೆಗೆ ಸದ್ದಿದೆ ಅನ್ನುವುದು ಯಶೋದಮ್ಮನವರಿಗೆ ಮರೆತೇ ಹೋಗಿತ್ತು. ಸೆರಗು ಸರಿಸಿದರೆ ಸರ್ರೆನ್ನುತ್ತಿತ್ತು, ಹಪ್ಪಳ ಕಡಿದರೆ ತಲೆಯೊಳಗೆ ಪಟಾಕಿ ಹಾರುತ್ತಿತ್ತು. ನಾಲ್ಕನೆಯ ದಿನದಿಂದ ಅದೇ ಸಾಕಾಯಿತು. ಸ್ಟೀಲ್ ತಟ್ಟೆ ಸಿಂಕಿಗೆ ಬಿದ್ದರೆ ಎದೆ ಹಾರುತ್ತಿತ್ತು. ಲೇತಿನ ಕಿರ್ರೆನ್ನುವಿಕೆ, ಆಟೋ ಹಾರ್ನು, ತರಕಾರಿ ಗಾಡಿಯ ಮೈಕು, ಇವೆಲ್ಲ ಯಾವ ಜನ್ಮದ ಸಾಲವೋ ಎಂಬಂತೆ ಒಟ್ಟಿಗೆ ಕಿವಿಗೆ ಬಂದು ಕೂತವು. ಮನೆಯವರಿಗೂ ಕೂಗುವ ಅಭ್ಯಾಸ ಬಿಟ್ಟಿರಲಿಲ್ಲ. ಮಿಷನ್ನು ಹಾಕಿದ ಕಿವಿಗೆ ಗೌತಮ್ ಹಳೇ ದನಿಯಲ್ಲೇ “ಅಮ್ಮಾ, ಊಟ” ಅಂದರೆ ಅವರು ಹೊಡೆಸಿಕೊಂಡವರ ಹಾಗೆ ಹಿಂದಕ್ಕೆ ಸರಿಯುತ್ತಿದ್ದರು.

ತಿಂಗಳು ತುಂಬುವ ಮೊದಲೇ ಮಿಷನ್ನು ಬೀರು ಸೇರಿತು. ಅಟ್ಟ ಸೇರಲಿಲ್ಲ, ಗಮನಿಸಿ. ಅಟ್ಟ ಸೇರುವುದು ಬೇಡವಾದ ವಸ್ತು. ಇದು ಯಶೋದಮ್ಮನವರ ಓಲೆ, ಜುಮುಕಿ ಇರುವ ಮರದ ಡಬ್ಬಿಗೆ ಹೋಯಿತು. ಕಿವಿಗೆ ಹಾಕುವಂಥದ್ದು ಅಂದ ಮೇಲೆ ಅದು ಒಡವೆಯೇ ತಾನೆ? ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಹೋಗುವಾಗ ಜುಮುಕಿ ಹಾಕಿಕೊಂಡು, ಅದರ ಜೊತೆಗೆ ಮಿಷನ್ನೂ ಏರಿಸಿಕೊಂಡು ಹೋಗಿ ಬಂದು, ಬಟ್ಟೆಯಲ್ಲಿ ಒರೆಸಿ ಮತ್ತೆ ಡಬ್ಬಿಗೆ ಇಡುತ್ತಿದ್ದರು.

“ಅತ್ತೆ, ಅದು ದಿನಾ ಹಾಕ್ಕೊಳೋದು. ಫಂಕ್ಷನ್‌ಗಲ್ಲ,” ಅಂದಳು ರಮ್ಯ.

“ದಿನಾ ಹಾಕ್ಕೊಂಡ್ರೆ ಸವೆಯಲ್ವೇನೇ?”

ರಮ್ಯ ಅತ್ತ ತಿರುಗಿ ನಕ್ಕಳು. ಗೌತಮ್ ಮಾತ್ರ ಊಟ ಮಾಡುತ್ತ ಅಟ್ಟದ ಕಡೆ ಕಣ್ಣು ಹಾಯಿಸಿದ. ತಾನು ತಂದದ್ದೆಲ್ಲ ಅಲ್ಲಿಗೆ ಹೋದಾಗ ಗಾದೆ ಹೇಳಿದ ತಾಯಿ ಇವರೇ ಅಲ್ಲವೇ ಅನ್ನುವ ಸಮಾಧಾನ ಅವನ ಮುಖದಲ್ಲಿತ್ತು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯದೆ ಇದ್ದದ್ದು ಆರ್‌ಪಿಸಿ ಲೇಔಟಿನ ಒಂದು ಸೀಮಂತದ ದೆಸೆಯಿಂದ. ಬೆಳಗಿನ ಮುಹೂರ್ತ, ಕೋಳಿ ಕೂಗುವ ಹೊತ್ತಿಗೇ ಸ್ನಾನ ಮುಗಿಸಿ, ರೇಷ್ಮೆ ಸೀರೆ ಉಟ್ಟು, ಜುಮುಕಿ ಹಾಕಿ, ಮಿಷನ್ನು ಏರಿಸಿ, ಯಶೋದಮ್ಮ ಎಂದಿನ ಹಾಗೆ ಎರಡು ಲೋಟ ಕಾಫಿ ಹಿಡಿದು ಕೊಟ್ಟಿಗೆಗೆ ಹೊರಟರು. ಓಣಿ ಇನ್ನೂ ಎದ್ದಿರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಅವರ ಕಾಲು ನಿಂತಿತು. ಒಳಗೆ ಯಾರೋ ಮಾತಾಡುತ್ತಿದ್ದರು.

ಕೆಂಪಯ್ಯನವರೇ. ಕಪಿಲೆಯ ಹೊಟ್ಟೆಗೆ ಹಣೆ ಆನಿಸಿ, ಚೊರ್ ಚೊರ್ ಎಂದು ಹಾಲು ಕರೆಯುತ್ತ, ಹಸುವಿನ ಜೊತೆ ಮಾತಾಡುತ್ತಿದ್ದರು. ಮಾಗಡಿ ರೋಡ್ ಅಗಲ ಮಾಡಿದಾಗ ಹೋದ ಹುಣಸೆ ಮರ ಕನಸಿನಲ್ಲಿ ಬಂದಿತ್ತು ಅಂದರು. ಮುಂದಿನ ಮನೆಯ ಮಗು ಈಗ ತೊದಲುತ್ತ ತಾತ ಅನ್ನುತ್ತದೆ ಅಂದರು. ಆಮೇಲೆ, “ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಆಗಿತ್ತು ಕಣೇ ಕಪಿಲೆ. ಅವಳಿಗೆ ಹೇಳಕ್ಕೋಗ್ಲಿಲ್ಲ. ಹೇಳ್ಬೇಕಂದ್ರೆ ಕೂಗ್ಬೇಕು. ಕೂಗಿದ್ರೆ ಬಯ್ದಂಗಾಗುತ್ತೆ,” ಅಂದರು.

ಗಂಡನಿಗೆ ವಯಸ್ಸಾಗಿ ಮಾತು ಬತ್ತಿಹೋಯಿತು ಅಂತ ಯಶೋದಮ್ಮ ಇಷ್ಟು ವರ್ಷ ತಿಳಿದಿದ್ದರು. ಬತ್ತಿರಲಿಲ್ಲ. ತೊರೆ ದಿಕ್ಕು ಬದಲಿಸಿ ಹಸುವಿನ ಕಡೆಗೆ ಹರಿಯುತ್ತಿತ್ತು, ಅಷ್ಟೇ. ನಿಜ ಹೇಳಬೇಕೆಂದರೆ ಅವರಿಗೆ ಮೊದಲು ಬಂದದ್ದು ಅಳುವಲ್ಲ, ಹೊಟ್ಟೆಕಿಚ್ಚು.

“ಉಪ್ಪು ಜಾಸ್ತಿಯಾಗಿದ್ರೆ ನನ್ನ ಹತ್ರ ಹೇಳ್ಬೇಕಪ್ಪ,” ಅಂದರು. “ದನದ ಹತ್ರ ಚಾಡಿ ಹೇಳ್ತಾರಾ?”

ಕೆಂಪಯ್ಯ ಬೆಚ್ಚಿದರು, ಕಪಿಲೆ ಬೆಚ್ಚಿತು, ಹಾಲಿನ ಧಾರೆ ಚೆಂಬು ಬಿಟ್ಟು ನೆಲಕ್ಕೆ ಹಾರಿತು. ತಿರುಗಿ ನೋಡಿದರೆ ರೇಷ್ಮೆ ಸೀರೆ ಉಟ್ಟ ಹೆಂಡತಿ. ಕೇಳಿಸಿತೇ ಅಂದರು, ಎಂದಿನ ದನಿಯಲ್ಲಿ, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು. ಕೇಳಿಸಿತು ಅಂದರು ಇವರು.

ಅಂದಿನಿಂದ ಮಿಷನ್ನು ಒಡವೆ ಡಬ್ಬಿಯಿಂದ ದಿಂಬಿನ ಪಕ್ಕಕ್ಕೆ ಬಂತು. ಯಶೋದಮ್ಮನವರಿಗೆ ಕಣ್ಣು ಬಿಟ್ಟ ಕೂಡಲೇ ಮೊದಲು ಕಿವಿ, ಆಮೇಲೆ ಮುಖ. ಅಡುಗೆಮನೆಯ ಪಾತ್ರೆ ಸದ್ದಿಗೆ ಅದನ್ನು ತೆಗೆದಿಡುವುದುಂಟು, ಲೇತ್ ಶುರುವಾದರೆ ತೆಗೆಯುವುದುಂಟು. ಆದರೆ ಬೆಳಗಿನ ಕೊಟ್ಟಿಗೆಗೆ ಅದಿಲ್ಲದೆ ಹೋದವರಲ್ಲ. ಅಲ್ಲಿ ಅವರೇನು ದೊಡ್ಡ ಮಾತಾಡಿದರು ಅಂತಲ್ಲ. ಹುಣಸೆ ಮರ, ಉಪ್ಪು, ಸತ್ತ ಅತ್ತಿಗೆಯ ನಗು, ಗೌತಮ್‌ಗೆ ಹೇಳಿದರೆ ನಕ್ಕಾನು ಅನ್ನುವಂಥ ಸಣ್ಣಪುಟ್ಟ ಭಯ. ಕೂಗಿ ಹೇಳುವ ಮಾತೇ ಬೇರೆ. ಊಟ, ಮಾತ್ರೆ, ನೀರು, ಇವನ್ನೆಲ್ಲ ಕೂಗಬಹುದು. ಬಾಕಿದ್ದನ್ನು ಕೂಗಲಾಗುವುದಿಲ್ಲ, ಕೂಗಿದರೆ ಅದು ಆ ಮಾತಾಗಿ ಉಳಿಯುವುದಿಲ್ಲ. ಕ್ಲಿನಿಕ್ಕಿನಿಂದ ಚೈತ್ರ ಫೋನು ಮಾಡಿ, ಹಾಕಿಕೊಳ್ಳುತ್ತಿದ್ದೀರಾ ಅಂತ ವಿಚಾರಿಸಿದಾಗ ಯಶೋದಮ್ಮ, ಹೂಂ ಕಣಮ್ಮ, ಹಾಲು ಕರೆಯುವಾಗ ಬೇಕೇ ಬೇಕು ಅಂದರು. ಹಾಲಿಗೂ ಕಿವಿಗೂ ಏನು ನಂಟು ಅಂತ ಆ ಹುಡುಗಿಗೆ ಹೊಳೆಯಲಿಲ್ಲ.

ಹೀಗೆ ದಸರೆ ಬಂತು.

ಆಯುಧ ಪೂಜೆಯ ದಿನ ಆ ಮನೆಯಲ್ಲಿ ಕುಂಕುಮ ಕಾಣದ ವಸ್ತು ಇರುವುದಿಲ್ಲ. ಗೌತಮ್‌ನ ಸ್ಕೂಟರು, ರಮ್ಯಳ ಲ್ಯಾಪ್‌ಟಾಪು, ಮಿಕ್ಸಿ, ಕುಡುಗೋಲು, ಹಾಲಿನ ಕ್ಯಾನು, ಕಡೆಗೆ ಮೆಟ್ಟಿಲ ಕೆಳಗಿನ ಟ್ರೆಡ್‌ಮಿಲ್ಲಿಗೂ ಒಂದು ಬೊಟ್ಟು, ಒಂದು ಚೆಂಡುಹೂ. ನಮಗಾಗಿ ದುಡಿದದ್ದಕ್ಕೆ ವರ್ಷಕ್ಕೊಂದು ದಿನ ನಾವು ಕೈ ಮುಗಿಯಬೇಕು. ಈ ವರ್ಷ ತಮಗಾಗಿ ಎಲ್ಲಕ್ಕಿಂತ ಹೆಚ್ಚು ದುಡಿದದ್ದು ಯಾವುದು ಅಂತ ಯಶೋದಮ್ಮ ಯೋಚಿಸಿದರು. ಯೋಚಿಸುವುದಕ್ಕೇನಿತ್ತು! ಕಿವಿಯಿಂದ ಮಿಷನ್ನು ತೆಗೆದು, ಎಲೆಯ ಮೇಲಿಟ್ಟು, ದೇವರ ಮುಂದೆ ಕೂರಿಸಿದರು. ಗಂಧ ತೇಯ್ದು ಬೆರಳಿಗೆ ತೆಗೆದುಕೊಂಡರು. ಹಣೆಗಿಡಬೇಕು, ಆದರೆ ಇಷ್ಟು ಸಣ್ಣ ವಸ್ತುವಿನ ಹಣೆ ಯಾವುದು? ತಿರುಗಿಸಿ ನೋಡಿದರು. ನೆತ್ತಿಯ ಹತ್ತಿರ ಎರಡು ಸಣ್ಣ ತೂತುಗಳು ಕಣ್ಣಿನ ಹಾಗೆ ಕಂಡವು. ಕಣ್ಣಿದ್ದ ಕಡೆ ತಾನೆ ಹಣೆ? ಅಲ್ಲಿಗೇ ಹಸಿ ಗಂಧವಿಟ್ಟು, ಅದರ ಮೇಲೆ ಕುಂಕುಮ ಒತ್ತಿ, ಕಣ್ಣಿಗೊತ್ತಿಕೊಂಡು ನಮಸ್ಕಾರ ಮಾಡಿದರು. ಆ ದಿನವೆಲ್ಲ ಅದು ದೇವರ ಮುಂದೆಯೇ ಇತ್ತು. ಪೂಜೆಗಿಟ್ಟದ್ದನ್ನು ಅಂದೇ ಎತ್ತಬಾರದಲ್ಲ.

ಮರುದಿನ ಬೆಳಗ್ಗೆ ಸೆರಗಿನಿಂದ ಒರೆಸಿ ಏರಿಸಿಕೊಂಡರೆ ಲೋಕ ಮತ್ತೆ ಹಳೇ ಮೌನದೊಳಗೆ ಮುಳುಗಿತ್ತು. ತೆಗೆದು ಒರೆಸಿದರು, ಹಾಕಿದರು, ಊದಿದರು. ಸದ್ದು ಹೋಗುವ ತೂತಿಗೆ ಮೆತ್ತಿ ಒಣಗಿದ ಗಂಧ ಇನ್ನಷ್ಟು ಒಳಗೆ ಇಳಿದಿದ್ದೇ ಬಂತು. ಅವರಿಗೆ ಅದೇನೂ ತಿಳಿಯದು. ಪೂಜೆಯಲ್ಲಿ ಏನೋ ಲೋಪವಾಯಿತು, ಅಥವಾ ಮಿಷನ್ನಿನ ಆಯಸ್ಸು ಅಷ್ಟೇ ಇತ್ತು ಅಂದುಕೊಂಡರು.

ಹೇಳಿದ್ದರೆ ಅರ್ಧ ಗಂಟೆಯ ಕೆಲಸ. ಹೇಳಲಿಲ್ಲ. ಅಷ್ಟು ದುಬಾರಿ ವಸ್ತುವನ್ನು ಕೆಡಿಸಿದೆನಲ್ಲ ಅನ್ನುವ ನಾಚಿಕೆ ಒಂದು. ಗೌತಮ್ ಅಟ್ಟದ ಕಡೆ ನೋಡುತ್ತಾನೆ ಅನ್ನುವುದು ಇನ್ನೊಂದು. ಆದರೆ ಅವರ ಹೊಟ್ಟೆಯೊಳಗಿನ ನಿಜವಾದ ಭಯ ಅದಲ್ಲ. ಮಿಷನ್ನು ಹೋಯಿತು ಅಂತ ತಿಳಿದರೆ ಕೆಂಪಯ್ಯ ಮತ್ತೆ ಹಸುವಿನ ಕಡೆ ತಿರುಗುತ್ತಾರೆ. ಇಷ್ಟು ವರ್ಷದ ಮೇಲೆ ಸಿಕ್ಕಿದ ಗಂಡನ ಮಾತು ಕೈಬಿಟ್ಟು ಹೋಗುತ್ತದೆ. ಇವತ್ತಲ್ಲ ನಾಳೆ ಅದಾಗಿಯೇ ಸರಿಹೋದೀತು ಅಂತ ಮೂಕ ಮಿಷನ್ನನ್ನೇ ಏರಿಸಿಕೊಂಡು ಓಡಾಡಿದರು.

ಇದರಲ್ಲಿ ಒಂದು ಪೇಚಿತ್ತು. ಮಿಷನ್ನು ಬರುವ ಮುಂಚೆ ಜನ ಕೂಗುತ್ತಿದ್ದರು, ಅಷ್ಟಿಷ್ಟಾದರೂ ಕೇಳುತ್ತಿತ್ತು. ಈಗ ಕಿವಿಯ ಮೇಲೆ ಮಿಷನ್ನು ಕಂಡು ಮನೆಯವರು, ಬಾಡಿಗೆಯವರು, ಸೊಪ್ಪಿನವಳು ಎಲ್ಲರೂ ಮೆತ್ತಗೆ ಮಾತಾಡಲು ಕಲಿತಿದ್ದರು. ಇದ್ದ ಕಿವುಡು ಎರಡರಷ್ಟಾಯಿತು. ಹಗಲಲ್ಲಾದರೆ ತುಟಿ ನೋಡಿ, ಹುಬ್ಬು ನೋಡಿ, ಚೈತ್ರಳ ಗಾಜಿನ ಗೂಡಿನಲ್ಲಿ ಗುಂಡಿ ಒತ್ತಿದ ಹಾಗೆ ಹೇಗೋ ನಿಭಾಯಿಸುತ್ತಿದ್ದರು. ಕೊಟ್ಟಿಗೆಯಲ್ಲಿ ಅದೂ ಇಲ್ಲ. ಕೆಂಪಯ್ಯನವರ ಮುಖ ಹಸುವಿನ ಹೊಟ್ಟೆಗೆ, ಬಲ್ಬು ಅವರ ಬೆನ್ನ ಹಿಂದೆ. ಅವರ ಭುಜ ಅಲುಗುವುದು ನಿಂತಾಗ ಮಾತೂ ನಿಂತಿರಬೇಕು ಅಂತ ಊಹಿಸಿ ಯಶೋದಮ್ಮ ಹೂಂ ಅನ್ನುತ್ತಿದ್ದರು.

ಒಂದು ದಿನ ಕೆಂಪಯ್ಯ ಕರೆಯುವುದನ್ನು ಬಿಟ್ಟು ಬಹಳ ಹೊತ್ತು ಏನೋ ಹೇಳಿದರು. ಹೂಂ ಅಂದರು ಯಶೋದಮ್ಮ. ಮರುದಿನವೂ ಹೇಳಿದರು. ಹೂಂ ಅಂದರು. ಅದರ ಮರುದಿನ ತಿರುಗಿ ಇವರ ಮುಖ ನೋಡಿ ಏನೋ ಕೇಳಿದರು. ಇವರು ತಲೆಯನ್ನೂ ಆಡಿಸಿ ಹೂಂ ಅಂದರು. ಕೆಂಪಯ್ಯ ಟವಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಸೊಳ್ಳೆಗೆ ಹಾಕಿದ ಬೆರಣಿ ಹೊಗೆ ಅಂದುಕೊಂಡು ಯಶೋದಮ್ಮ ಹೊಗೆಯ ಚಟ್ಟಿಯನ್ನು ದೂರ ಸರಿಸಿದರು.

ಎರಡನೇ ಶನಿವಾರ ಬೆಳಗ್ಗೆ ಮನೆಯ ಮುಂದೆ ಒಂದು ಟೆಂಪೋ ಬಂದು ನಿಂತಿತು. ತಾವರೆಕೆರೆಯ ಆಚೆಯ ಹಳ್ಳಿಯಿಂದ ಕೆಂಪಯ್ಯನವರ ತಂಗಿಯ ಮಗ ಬಂದಿದ್ದ. ಕಪಿಲೆಗೆ ಹೊಸ ಹಗ್ಗ ಹಾಕಿ, ಹಣೆಗೆ ಅರಿಶಿನ ಕುಂಕುಮ ಇಟ್ಟು, ಕೆಂಪಯ್ಯನವರೇ ಹೊರಗೆ ಹಿಡಿದು ತಂದರು. ಅಡುಗೆಮನೆಯಲ್ಲಿದ್ದ ಯಶೋದಮ್ಮನವರಿಗೆ ಟೆಂಪೋದ ಸದ್ದೂ ಇಲ್ಲ, ಹಸುವಿನ ಕೂಗೂ ಇಲ್ಲ. ಹಾಲಿಗೆ ಬಂದ ಮುಂದಿನ ಮನೆಯ ಬಾಡಿಗೆಯವಳು ಗುರುದೇವಿ ಬಾಗಿಲಲ್ಲಿ ನಿಂತು, “ಏನ್ರೀ ಯಶೋದಮ್ಮಾರ, ಆಕಳಾ ಕಳಸಾಕತ್ತೀರಲ್ರಿ, ನಾಳಿಂದ ನಾವು ಚಾಕ್ಕ ನೀರ ಹಾಕ್ಕೊಳ್ಳೋಣೇನ್ರಿ?” ಅಂತ ಮೆಲ್ಲಗೆ ತಮಾಷೆ ಮಾಡಿದಳು. ಯಶೋದಮ್ಮ ಅವಳ ತುಟಿಯನ್ನು ನೋಡಿ ಹೂಂ ಅಂದರು. ಅವಳ ಭುಜದಾಚೆ ಕಣ್ಣು ಹೋದಾಗ ಕಪಿಲೆಯ ಮುಂಗಾಲು ಟೆಂಪೋದ ಹಲಗೆಯ ಮೇಲಿತ್ತು.

ಸೌಟು ಹಿಡಿದುಕೊಂಡೇ ಓಡಿದರು. ಹಗ್ಗಕ್ಕೆ ಕೈ ಹಾಕಿದರು. ಕಿವಿ ಕೇಳದವರ ದನಿ ದೊಡ್ಡದು. ಎಲ್ಲಿಗೆ ಕರಕೊಂಡು ಹೋಗುತ್ತಿದ್ದೀರಿ, ಯಾರನ್ನು ಕೇಳಿ ಕಳಿಸುತ್ತಿದ್ದೀರಿ ಅಂದದ್ದು ಓಣಿಯ ಎರಡೂ ತುದಿಗೆ ಮುಟ್ಟಿತು. ಬಾಡಿಗೆ ಮನೆಗಳ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಬಗ್ಗಿ ನೋಡಿದರು. ಕೆಂಪಯ್ಯನವರ ಮುಖ ಕಪ್ಪಾಯಿತು. ಮೂರು ದಿನ ಕೇಳಿ ಒಪ್ಪಿಗೆ ಪಡೆದದ್ದನ್ನು ನಾಲ್ಕು ಜನರ ಮುಂದೆ ಹೆಂಡತಿ ಇಲ್ಲವೆನ್ನುತ್ತಿದ್ದಾಳೆ. ಅವರ ತುಟಿ ಅಲುಗಿತು. ಯಶೋದಮ್ಮನವರಿಗೆ ಕೇಳಲಿಲ್ಲ. ಸ್ಕೂಟರಿನ ಕೀ ಹಿಡಿದು ಬಂದ ಗೌತಮ್ ಹತ್ತಿರ ನಿಂತು, ಮಿಷನ್ನಿಗೆ ನೋವಾಗಬಾರದು ಅನ್ನುವಷ್ಟು ನಯವಾಗಿ ಏನೋ ಹೇಳಿದ. ಅದೂ ಕೇಳಲಿಲ್ಲ. ಎಲ್ಲರ ಬಾಯಲ್ಲೂ ಹೂಂ ಎಂಬ ಆಕಾರವೊಂದು ಕಂಡಿತು. ನೀನೇ ಹೂಂ ಅಂದೆಯಲ್ಲ, ನೀವೇ ಹೂಂ ಅಂದ್ರಂತಲ್ಲ.

ಆಗ ಯಶೋದಮ್ಮನವರಿಗೆ ತಾನು ಯಾವುದಕ್ಕೆ ಹೂಂ ಅಂದೆ ಅನ್ನುವುದು ಅರ್ಥವಾಯಿತು. ಕಿವಿಯಿಂದ ಮಿಷನ್ನು ಕಿತ್ತು ಅಂಗೈಯಲ್ಲಿಟ್ಟು ಗಂಡನ ಮುಂದೆ ಚಾಚಿದರು.

“ಇದು ಹೋಗಿದೆ. ಹಬ್ಬದ ದಿನದಿಂದ ಕೇಳಿಸ್ತಿಲ್ಲ. ನೀವೇನು ಹೇಳಿದ್ರೋ ನನಗೆ ಒಂದಕ್ಷರ ಗೊತ್ತಿಲ್ಲ.”

ಕೆಂಪಯ್ಯ ಮಿಷನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಮದುವೆಯ ದಿನ ಅಷ್ಟು ಹೆಂಗಸರು ಹಟ ಮಾಡಿದರೂ ಹೊರಡದ ದನಿ ಆಗ ಹೊರಟಿತು.

“ಕೈಯಲ್ಲಿ ಬಲ ಇಲ್ಲ ಕಣೇ ಯಶೋದಾ! ಬೆರಳು ಮರಗಟ್ಟೋಗಿವೆ. ಕೆಚ್ಚಲು ಹಿಡಿದಿದೀನೋ ಇಲ್ವೋ ನಂಗೇ ತಿಳಿಯಲ್ಲ. ಅವತ್ತು ಕಪಿಲೆ ಕಾಲ ಕೆಳಗೇ ಬಿದ್ದೆ, ಅದು ಕಾಲೆತ್ತಿ ಪಕ್ಕಕ್ಕಿಡ್ತು, ಅದಕ್ಕೆ ಉಳಕಂಡೆ. ಭಯ ಆಗುತ್ತೆ ಕಣೇ. ಯಾರಿಗೂ ಗೊತ್ತಾಗೋದು ಬೇಡ ಅಂತ ನಿನ್ನೊಬ್ಬಳಿಗೇ ಹೇಳಿದ್ನಲ್ಲೇ!”

ಮಿಷನ್ನಿಲ್ಲದ ಕಿವಿಗೆ ಅಷ್ಟೂ ಕೇಳಿತು. ಮಹಡಿಯಲ್ಲಿದ್ದವರಿಗೂ ಕೇಳಿತು. ಲೇತ್ ಇನ್ನೂ ಶುರುವಾಗಿರಲಿಲ್ಲ. ವರ್ಕ್‌ಶಾಪಿನ ಮುಂದೆ ಚಹಾ ಕುಡಿಯುತ್ತಿದ್ದವರಿಗೂ ಕೇಳಿತು. ಗೌತಮ್‌ನ ಕೈಯಲ್ಲಿ ಕೀ ಹಾಗೇ ನಿಂತಿತು. ಗುರುದೇವಿ ಹಾಲಿನ ಪಾತ್ರೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ತಲೆ ತಗ್ಗಿಸಿದಳು. ಮಹಡಿಯವರು ಒಬ್ಬೊಬ್ಬರಾಗಿ ಬಟ್ಟೆಯ ಹಿಂದೆ ಸರಿದರು. ಕೆಂಪಯ್ಯ ಜಗುಲಿಯ ಮೇಲೆ ಕುಸಿದು ಕೂತು, ತಮ್ಮ ಎರಡೂ ಕೈಗಳನ್ನು ಪಂಚೆಯ ಮಡಿಕೆಯೊಳಗೆ ಅಡಗಿಸಿಕೊಂಡರು.

ಯಶೋದಮ್ಮ ಹೋಗಿ ಪಕ್ಕದಲ್ಲಿ ಕೂತರು. ಆಮೇಲೆ ತಂಗಿಯ ಮಗನಿಗೆ ತಿಂಡಿ ಹಾಕಿ, ಇವತ್ತು ಬೇಡಪ್ಪ, ನಾವೇ ಹೇಳಿ ಕಳಿಸುತ್ತೇವೆ ಅಂತ ಟೆಂಪೋ ಹಿಂದಕ್ಕೆ ಕಳಿಸಿದರು. ಕಪಿಲೆ ಮತ್ತೆ ಕೊಟ್ಟಿಗೆ ಸೇರಿತು. ಆ ದಿನದ ಹಾಲನ್ನು ಕರೆದವನು ಗೌತಮ್. ಅರ್ಧ ಚೆಂಬಿಗೆ ಅರ್ಧ ನೆಲಕ್ಕೆ.

ಅಂದೇ ರಮ್ಯ ಅತ್ತೆಯನ್ನು ವಿಜಯನಗರಕ್ಕೆ ಕರೆದುಕೊಂಡು ಹೋದಳು. ಚೈತ್ರ ಮಿಷನ್ನನ್ನು ದೀಪಕ್ಕೆ ಹಿಡಿದು, ಸಣ್ಣ ಬ್ರಷ್ಷಿನಿಂದ ಕೆರೆದಳು. ಬಿಳಿ ಹಾಳೆಯ ಮೇಲೆ ಕೆಂಪು ಪುಡಿ ಉದುರಿತು.

“ಅಮ್ಮ, ಇದಕ್ಕೆ ಕುಂಕುಮ ಇಟ್ರಾ?”

“ಹಬ್ಬ ಅಲ್ವೇನಮ್ಮ.”

ಚೈತ್ರ ನಗಲಿಲ್ಲ. ಎದ್ದು ಗಾಜಿನ ಗೂಡಿನ ಪಕ್ಕದ ದೊಡ್ಡ ಪರೀಕ್ಷೆಯ ಯಂತ್ರವನ್ನು ಸ್ವಲ್ಪ ತಿರುಗಿಸಿ ತೋರಿಸಿದಳು. ಅದರ ಬೆನ್ನ ಮೇಲೂ ಹಬ್ಬದ ಬೊಟ್ಟು ಒಣಗಿ ಕೂತಿತ್ತು. “ನಾವೂ ಇಟ್ಟಿದೀವಿ ನೋಡಿ. ಬೆನ್ನಿಗಿಡ್ಬೇಕಮ್ಮ, ಬಾಯಿಗಲ್ಲ. ನೀವು ಅದರ ಬಾಯಿ ಮುಚ್ಚಿಬಿಟ್ಟಿದೀರ,” ಅಂದಳು. ಆಮೇಲೆ ಮಿಷನ್ನನ್ನು ಮತ್ತೆ ಕಿವಿಗೆ ಏರಿಸುತ್ತ, ತನಗೊಂದು ಅರ್ಥವಾಗುತ್ತಿಲ್ಲ ಅಂದಳು. ಚೆನ್ನಾಗಿ ಕೆಲಸ ಮಾಡುವುದನ್ನೇ ಜನ ಬಿಚ್ಚಿಟ್ಟುಬಿಡುತ್ತಾರೆ. ನೀವು ಕೆಟ್ಟುಹೋದದ್ದನ್ನು ಇಷ್ಟು ದಿನ ಯಾಕೆ ಹಾಕಿಕೊಂಡಿದ್ದಿರಿ?

ಯಶೋದಮ್ಮ ಸೊಸೆಯ ಕಡೆ ನೋಡಿದರು. ಹೇಳಬೇಕೋ ಬೇಡವೋ ಅನ್ನಿಸಿತು. “ಬಿಚ್ಚಿಟ್ರೆ ಅವರು ಮಾತಾಡೋದು ನಿಲ್ಲಿಸ್ತಾರೆ ಕಣಮ್ಮ,” ಅಂದರು.

ರಮ್ಯ ಹಿಂದಿರುಗುವ ದಾರಿಯಲ್ಲಿ ಗೋವಿಂದರಾಜನಗರ ದಾಟುವಾಗ ಕೂಗದೆ, ಮಾವನ ಕೈಯನ್ನು ನರದ ಡಾಕ್ಟರಿಗೆ ತೋರಿಸೋಣ ಅತ್ತೆ ಅಂದಳು. ಹೆಲ್ಮೆಟ್ಟಿನೊಳಗಿಂದ ಬಂದ ಆ ಮಾತು ಯಶೋದಮ್ಮನವರಿಗೆ ಕೇಳಿತು.

ಮರುದಿನ ಬೆಳಗ್ಗೆ ಕೆಂಪಯ್ಯ ಕೊಟ್ಟಿಗೆಗೆ ಬರುವುದಕ್ಕೇ ಸಂಕೋಚಪಟ್ಟರು. ಬಂದವರು ಹಸುವನ್ನೂ ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ. ಓಣಿಯವರೆಲ್ಲ ಕೇಳಿದ ಮೇಲೆ ಇನ್ನು ಹೇಳುವುದೇನು ಉಳಿದಿದೆ ಅನ್ನುವ ಹಾಗಿತ್ತು ಅವರ ಬಗ್ಗಿದ ಕತ್ತು. ಯಶೋದಮ್ಮ ಅವರ ಕೈಗೆ ಲೋಟ ಕೊಟ್ಟು, ಆ ಬೆರಳುಗಳ ಮೇಲೆ ತಮ್ಮ ಬೆರಳನ್ನು ಹಾಗೇ ಇಟ್ಟುಕೊಂಡರು. “ಮೊದಲಿಂದ ಹೇಳಿ,” ಅಂದರು. “ಮೆತ್ತಗೆ.”

ಕೆಂಪಯ್ಯ ಹೇಳಿದರು. ನಿನ್ನೆ ಕೂಗಿದ್ದರಲ್ಲಿ ಇಲ್ಲದ್ದು ಅದರಲ್ಲಿ ಎಷ್ಟೋ ಇತ್ತು. ಬೇಸಿಗೆಯಿಂದಲೇ ಶುರುವಾದದ್ದು, ಅಂಗಿಯ ಗುಂಡಿ ಹಾಕಲು ಹೆಣಗಿದ್ದು, ವಯಸ್ಸಾಯಿತು, ಹಸು ಬಿಡಿ ಅಂತ ಮೊದಲೇ ಹೇಳಿರಲಿಲ್ಲವೇ ಅಂತ ಮಗ ಅಂದುಬಿಟ್ಟರೆ ಅಂತ ಅಂಜಿದ್ದು, ಈ ಹಸು ಹೋದರೆ ಬೆಳಗ್ಗೆ ಏಳುವುದಕ್ಕೆ ತನಗೊಂದು ನೆಪ ಇರುವುದಿಲ್ಲ ಅನ್ನುವುದು. ಯಶೋದಮ್ಮ ನಡುವೆ ಒಂದು ಸಲವೂ ಹೂಂ ಅನ್ನದೆ ಕೇಳಿದರು. ತಾನೇ ಹಾಲು ಕರೆಯುತ್ತೇನೆ ಅಂದು ನೋಡಿದರು. ನಿನ್ನ ಸೊಂಟಕ್ಕೆ ಬಗ್ಗುವುದು ಬಿಟ್ಟು ಬೇರೆಲ್ಲ ಬರುತ್ತದೆ ಅಂತ ಕೆಂಪಯ್ಯ ನಕ್ಕರು. ಕಪಿಲೆ ಬೇರೆ ಗಬ್ಬವಾಗಿತ್ತು. ಕರು ಹಾಕುವಾಗ ಗಟ್ಟಿ ಕೈ ಬೇಕು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಕೆಂಪಯ್ಯ ಅದೇ ಪ್ರಶ್ನೆ ಕೇಳಿದರು, ಕಳಿಸಿಬಿಡೋಣವೇ ಅಂತ. ಯಶೋದಮ್ಮ ಕಪಿಲೆಯ ಕತ್ತಿನ ಗಂಗೆದೊಗಲನ್ನು ಸವರುತ್ತ ಹೂಂ ಅಂದರು. ಈ ಸಲದ್ದು ಕೇಳಿಸಿಕೊಂಡು ಅಂದ ಹೂಂ.

ಕಪಿಲೆ ಹೋಯಿತು. ಹಲಗೆ ಹತ್ತುವಾಗ ಅದು ಕೂಗಿದ್ದನ್ನು ಯಶೋದಮ್ಮ ಕೇಳಿದರು. ಅದನ್ನೂ ಕೇಳಬೇಕಾಯಿತು.

ಅದು ಹೋದ ಮರುದಿನ ಎಂದಿನ ಹೊತ್ತಿಗೇ ಅವರಿಗೆ ಎಚ್ಚರವಾಯಿತು. ಪಕ್ಕದ ಹಾಸಿಗೆ ಖಾಲಿಯಿತ್ತು. ದಿಂಬಿನ ಪಕ್ಕದಲ್ಲಿ ಮಿಷನ್ನಿತ್ತು. ಕರೆಯುವ ಹಾಲಿಲ್ಲ, ಕೇಳುವುದಕ್ಕೇನಿದೆ ಅಂತ ಒಂದು ಗಳಿಗೆ ಅನ್ನಿಸಿತು. ಹಾಗಂದುಕೊಳ್ಳುತ್ತಲೇ ಕೈ ಅದನ್ನು ಕಿವಿಗೆ ಏರಿಸಿತ್ತು. ಕಾಫಿ ಕಾಯಿಸಿ, ಎರಡು ಲೋಟ ಹಿಡಿದು, ಕೊಟ್ಟಿಗೆಗೆ ನಡೆದರು. ಕೆಂಪಯ್ಯ ಅಲ್ಲಿದ್ದರು, ಕರೆಯುವಾಗ ಕೂರುವ ಮಣೆಯ ಮೇಲೆ, ಬರಿಗೈಯಲ್ಲಿ, ಹಸುವಿಲ್ಲದ ಗೂಟದ ಕಡೆ ಮುಖ ಮಾಡಿ. ಹೆಂಡತಿಯ ಹೆಜ್ಜೆ ಕೇಳಿ ಮಣೆಯನ್ನು ಅವರ ಕಡೆ ತಿರುಗಿಸಿಕೊಂಡರು.

ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು.

“ಸಕ್ಕರೆ ಜಾಸ್ತಿಯಾಗಿದೆ ಕಣೇ,” ಅಂದರು, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ.

“ಸಕ್ಕರೆ ಅಷ್ಟೇ ಹಾಕಿರೋದು. ಪ್ಯಾಕೆಟ್ ಹಾಲು, ಅದಕ್ಕೆ ಹಂಗೆ.”

“ಇರಬಹುದು,” ಅಂದರು ಕೆಂಪಯ್ಯ. ಆಮೇಲೆ ರಾತ್ರಿ ಬಿದ್ದ ಕನಸನ್ನು ಹೇಳಲು ಶುರುಮಾಡಿದರು.